ಸಹಾಯ ಬೇಕು: ನಮ್ಮ ಮೇಷ್ಟ್ರಿಗೆ ಕೊಡಲು ಹಲ್ಮಿಡಿ ಶಾಸನದ ಫೋಟೋ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಿಎ ಕೊನೆಯ ಸೆಮಿಸ್ಟರ್ ಮುಗಿಸುತ್ತಿದ್ದೇನೆ. ಇತಿಹಾಸದ ಮೇಷ್ಟ್ರಿಗೆ ಬರೀ ಶಾಲು, ಹಾರ ಹಾಕಿ ಬರಲು ಮನಸ್ಸಿಲ್ಲ.

ಮೊದಲ ವರ್ಷ ಅವರು ನಮ್ಮನ್ನು ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಕರೆದುಕೊಂಡು ಹೋಗಿದ್ದರು. ಮೂಲ ಶಾಸನ ಈಗ ಅಲ್ಲಿಲ್ಲ, ಊರಲ್ಲಿರುವುದು ಪ್ರತಿಕೃತಿ. ಆದರೂ ಮೇಷ್ಟ್ರು ಚಪ್ಪಲಿ ಬಿಟ್ಟು ನಿಂತರು. 16 ಸಾಲನ್ನೂ ಬೆರಳಿಟ್ಟು ತೋರಿಸಿ, ಒಂದೊಂದೇ ಅಕ್ಷರ ನಮ್ಮ ಕೈಲೇ ಓದಿಸಿದರು. ಓದೋದು ಅಂದ್ರೆ ಏನು ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ಅಕ್ಷರ ಸ್ಪಷ್ಟವಾಗಿ ಕಾಣುವ ಫೋಟೋ ಯಾರ ಹತ್ತಿರವಾದರೂ ಇದೆಯಾ? ನನ್ನ ಮೊಬೈಲ್ ಫೋಟೋ ದೊಡ್ಡದು ಮಾಡಿದರೆ ಜಾಸ್ತಿ ಮಸುಕಾಗುತ್ತಿದೆ. ಹಾಸನದಲ್ಲಿ ಒಳ್ಳೆ ಮರದ ಕಟ್ಟು ಹಾಕಿಕೊಡುವ ಅಂಗಡಿ ಗೊತ್ತಿದ್ದರೂ ದಯವಿಟ್ಟು ತಿಳಿಸಿ. ಮುಂದಿನ ಶನಿವಾರವೇ ಬೀಳ್ಕೊಡುಗೆ.