ಚಿಪ್ಪರ್‌ಗೆ (ಕೊಂಬೆ ಚೂರು ಮಾಡುವ ಯಂತ್ರಕ್ಕೆ) ಹಾಕೋಕೆ ಯಾವ ಮರ ಅತಿ ಕಾಟ?

ಪ್ರಶ್ನೆ:
ನಿನ್ನೆ ಇಡೀ ದಿನ ಜಾಲಿ ಕೊಂಬೆ ಹಾಕಿ ಸಾಕಾಗಿ ಹೋಯಿತು. ಒಂದು ಕಡೆ ಬಿಡಿಸಿದರೆ ಇನ್ನೊಂದು ಕಡೆ ಅಂಗಿಗೆ ಸಿಕ್ಕಿಕೊಳ್ಳುತ್ತದೆ, ರೋಲರ್ ಎಳೆದುಕೊಳ್ಳುವಾಗ ಸೊಟ್ಟ ಕೊಂಬೆ ಗಿರ್ರನೆ ತಿರುಗಿ ಮುಖಕ್ಕೇ ಬೀಸುತ್ತದೆ. ಒಂದು ಮುಳ್ಳು ಚರ್ಮದ ಗ್ಲೌಸ್ ದಾಟಿ ಹೆಬ್ಬೆರಳಿಗೆ ಹೊಕ್ಕು ಅಲ್ಲೇ ಮುರಿಯಿತು. ಇದಕ್ಕಿಂತ ಕೆಟ್ಟದ್ದು ಇದೆಯಾ?

ಉತ್ತರ 1:
ಇದೆ, ತಾಳೆ ಜಾತಿಯ ಮರಗಳು! ಹಸಿ ಗರಿ ತುಂಡಾಗುವುದೇ ಇಲ್ಲ, ನಾರುನಾರಾಗಿ ಸೀಳಿ ಡ್ರಮ್ಮಿನ ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಕಾದು, ಚಾಕುವಿನಲ್ಲಿ ಕೊಯ್ದು ತೆಗೆಯಬೇಕು. ನೀಲಗಿರಿ ತೊಗಟೆಯೂ ಇದೇ ಕಥೆ. ಮಧ್ಯೆ ಮಧ್ಯೆ ಒಣ ಕೊಂಬೆ ಹಾಕಿದರೆ ಸ್ವಲ್ಪ ವಾಸಿ.

ಉತ್ತರ 2:
ಬಿದಿರು ಯಾರೂ ಹೇಳಲಿಲ್ವಾ? ಅದರಲ್ಲಿ ಸಿಲಿಕಾ ಜಾಸ್ತಿ, ಬ್ಲೇಡ್ ಬೇಗ ಮೊಂಡಾಗುತ್ತದೆ. ಪೈನ್ ಅಂಟು ಮೆತ್ತಿಕೊಂಡರೂ ವಾಸನೆಯಾದರೂ ಚೆನ್ನಾಗಿರುತ್ತದೆ.

ಉತ್ತರ 3:
ಕಣಗಿಲೆಯನ್ನು ಮಾತ್ರ ಸುಮ್ನೆ ಹಾಕಬೇಡಿ. ಎಲೆ, ಕೊಂಬೆ, ಹೂವು ಎಲ್ಲವೂ ವಿಷ, ಆ ಪುಡಿ ಮೂಗಿಗೆ ಹೋಗಬಾರದು, ದನಕರು ಓಡಾಡುವ ಕಡೆ ಚೂರು ಹರಡಲೂಬಾರದು. ಸುಡುವುದೂ ಬೇಡ, ಹೊಗೆಯೂ ಕೆಟ್ಟದ್ದೇ. ಕಳ್ಳಿ ಹಾಲು ಕಣ್ಣಿಗೆ ಸಿಡಿದರೆ ಇನ್ನೊಂದು ಫಜೀತಿ. ನಾನಂತೂ ಎರಡನ್ನೂ ಕೈಗರಗಸದಲ್ಲೇ ಕತ್ತರಿಸುತ್ತೇನೆ, ಕನ್ನಡಕ ಹಾಕಿಕೊಂಡು.

ಪ್ರಶ್ನೆ ಕೇಳಿದವರು:
ಅಯ್ಯೋ, ಉಳಿದ ರಾಶಿಯಲ್ಲಿ ಕಣಗಿಲೆಯೂ ಇದೆ. ಈಗಲೇ ಬೇರೆ ಮಾಡಿಡುತ್ತೇನೆ.