ಸುಂಯ್ ಸದ್ದಿಲ್ಲದ ಉಬ್ಬಸ: ಬರೀ ಕೆಮ್ಮಿಗೆ ಬರುವವರಲ್ಲಿ ಯಾರನ್ನು ಪರೀಕ್ಷೆಗೆ ಕಳಿಸಬೇಕು?

ಸಾಗರದ_ಫಾರ್ಮಸಿಸ್ಟ್

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದ ಮೇಲೆ ನಮ್ಮ ಕಡೆ ಔಷಧಿ ಅಂಗಡಿಗೆ ಎರಡು ಬಗೆಯ ಗಿರಾಕಿಗಳು ಹೆಚ್ಚುತ್ತಾರೆ. ಒಂದು, ಶೀತ ಜ್ವರ ವಾಸಿಯಾಗಿ ತಿಂಗಳಾದರೂ ಒಣಕೆಮ್ಮು ಬಿಡದೆ ಸಿರಪ್ ಬಾಟಲಿ ಒಂದರ ಮೇಲೊಂದು ಒಯ್ಯುವವರು. ದಮ್ಮು ಇದೆಯಾ ಎಂದರೆ "ಇಲ್ಲ, ಬರೀ ಕೆಮ್ಮು" ಅನ್ನುತ್ತಾರೆ. ಇನ್ನೊಂದು, ತಿಂಗಳಿಗೊಂದು ನೀಲಿ ಇನ್‌ಹೇಲರ್ (ದಮ್ಮು ಬಂದಾಗ ಎಳೆಯುವಂಥದ್ದು) ಮಾತ್ರ ಕೇಳುವವರು. ಚೀಟಿಯಲ್ಲಿರುವ ಇನ್ನೊಂದನ್ನು "ಅದು ಸ್ಟೀರಾಯ್ಡ್ ಅಂತೆ, ಬೇಡ" ಎಂದು ಬಿಟ್ಟುಹೋಗುತ್ತಾರೆ.

ಮೊದಲಿನವರಲ್ಲಿ ಯಾರನ್ನು ಉಬ್ಬಸದ ಪರೀಕ್ಷೆಗೆ ಕಳಿಸಬೇಕು, ಏನು ಕೇಳಬೇಕು? ಎರಡನೆಯವರಿಗೆ ಏನು ಹೇಳುವುದು ಸರಿ? ರೋಗ ಹೆಸರಿಸುವುದು ನಮ್ಮ ಕೆಲಸವಲ್ಲ, ಆದರೆ ಸರಿಯಾದ ಬಾಗಿಲಿಗೆ ಕಳಿಸುವುದು ನಮ್ಮದೇ.

---

ಎದೆರೋಗ_ವೈದ್ಯೆ

ಒಳ್ಳೆಯ ಪ್ರಶ್ನೆ ಸರ್. ಉಬ್ಬಸ ಅಂದರೆ ಸುಂಯ್ ಸದ್ದು ಬರಲೇಬೇಕು ಎಂಬ ನಂಬಿಕೆಯಿಂದಲೇ ಎಷ್ಟೋ ಜನರಿಗೆ ವರ್ಷಗಟ್ಟಲೆ ಚಿಕಿತ್ಸೆ ತಪ್ಪುತ್ತದೆ. ಒಬ್ಬರಿಗೆ ಒಣಕೆಮ್ಮು ಮಾತ್ರ, ಇನ್ನೊಬ್ಬರಿಗೆ ಎದೆಯ ಮೇಲೆ ಯಾರೋ ಕೂತಂಥ ಬಿಗಿತ, ಮತ್ತೊಬ್ಬರಿಗೆ ಮಹಡಿ ಹತ್ತಿದರೆ ಏದುಸಿರು. ಮೂಲ ಒಂದೇ: ಶ್ವಾಸನಾಳದ ಒಳಪದರ ಊದಿಕೊಂಡಿರುತ್ತದೆ, ಸುತ್ತಲಿನ ಸ್ನಾಯು ಸಣ್ಣ ಕಾರಣಕ್ಕೂ ಬಿಗಿಯುತ್ತದೆ.

ಲಕ್ಷಣಕ್ಕಿಂತ ಅದು ಬರುವ ರೀತಿ ನೋಡಿ. ರಾತ್ರಿ ಎರಡು ಮೂರು ಗಂಟೆಗೆ ಅಥವಾ ನಸುಕಿನಲ್ಲಿ ಕೆಮ್ಮಿ ಎಚ್ಚರವಾಗುತ್ತದೆಯೇ? ಜೋರಾಗಿ ನಕ್ಕಾಗ, ತಣ್ಣನೆಯ ಗಾಳಿಗೆ, ಒಗ್ಗರಣೆ ಘಾಟಿಗೆ, ಊದುಬತ್ತಿ, ಸೊಳ್ಳೆ ಬತ್ತಿಯ ಹೊಗೆಗೆ ಶುರುವಾಗುತ್ತದೆಯೇ? ಪ್ರತಿ ಶೀತವೂ ಎದೆಗಿಳಿದು ಮೂರು ನಾಲ್ಕು ವಾರ ಕಾಡುತ್ತದೆಯೇ? ನಡುವೆ ಏನೂ ಇಲ್ಲದ ಒಳ್ಳೆಯ ದಿನಗಳಿರುತ್ತವೆಯೇ? ಸೀನು, ಮೂಗು ಕಟ್ಟುವುದು, ಚರ್ಮದ ಅಲರ್ಜಿ, ಮನೆಯಲ್ಲಿ ಯಾರಿಗಾದರೂ ಉಬ್ಬಸ? ಇವುಗಳಲ್ಲಿ ಎರಡು ಮೂರಕ್ಕೆ ಹೌದು ಅಂದರೆ ಸ್ಪೈರೋಮೆಟ್ರಿಗೆ (ಯಂತ್ರದೊಳಕ್ಕೆ ಊದಿಸಿ ಉಸಿರಿನ ಪ್ರಮಾಣ, ವೇಗ ಅಳೆಯುವ ಪರೀಕ್ಷೆ) ಕಳಿಸಿ. ಏರಿಳಿತವೇ ಉಬ್ಬಸದ ಗುರುತು. ವರ್ಷವಿಡೀ ಒಂದೇ ಸಮ, ನಿಧಾನವಾಗಿ ಹೆಚ್ಚುವ ಏದುಸಿರಾದರೆ ಬೇರೆ ಯೋಚಿಸಬೇಕು. ಬೀಡಿ ಸೇದುವವರಲ್ಲಿ, ದಶಕಗಟ್ಟಲೆ ಸೌದೆ ಒಲೆ ಊದಿದ ಹೆಂಗಸರಲ್ಲಿ ಅದು ಸಿಒಪಿಡಿ (ಹೊಗೆಯಿಂದ ಶ್ವಾಸನಾಳ ಶಾಶ್ವತವಾಗಿ ಕಿರಿದಾಗುವ ಕಾಯಿಲೆ) ಇರಬಹುದು.

ಉಬ್ಬಸದ ವೇಷದಲ್ಲಿ ಬರುವ ಇತರ ಕಾಯಿಲೆಗಳೂ ನೆನಪಿರಲಿ. ಎರಡು ವಾರ ದಾಟಿದ ಕೆಮ್ಮಿನ ಜೊತೆ ಸಂಜೆ ಜ್ವರ, ತೂಕ ಇಳಿಕೆ, ಕಫದಲ್ಲಿ ರಕ್ತ ಇದ್ದರೆ ಮೊದಲು ಕ್ಷಯದ ಕಫ ಪರೀಕ್ಷೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬಿಪಿಗೆ ರಾಮಿಪ್ರಿಲ್, ಎನಾಲಾಪ್ರಿಲ್ ನುಂಗುವವರ ಗಂಟಲು ಕೆರೆತದ ಒಣಕೆಮ್ಮು ಆ ಮಾತ್ರೆಯದೇ ಆಗಿರಬಹುದು. ವೈದ್ಯರು ಮಾತ್ರೆ ಬದಲಿಸಿದರೆ ಕೆಲ ವಾರಗಳಲ್ಲಿ ಹೋಗುತ್ತದೆ. ಮಲಗಿದ ಕೂಡಲೇ ಏದುಸಿರು, ಕಾಲು ಬಾವು ಇದ್ದರೆ ಹೃದಯ ನೋಡಿಸಬೇಕು. ನಮ್ಮ ಕರಾವಳಿಯಲ್ಲಿ, ಕಲಬುರಗಿ, ಯಾದಗಿರಿ, ಬೀದರ್ ಸೀಮೆಯಲ್ಲಿ ಇನ್ನೊಂದಿದೆ: ಆನೆಕಾಲು ರೋಗದ ಹುಳುವಿಗೆ ದೇಹ ತೋರುವ ಅಲರ್ಜಿಯಿಂದ ಬರುವ ರಾತ್ರಿ ಕೆಮ್ಮು ಮತ್ತು ದಮ್ಮು. ರಕ್ತದಲ್ಲಿ ಇಯೋಸಿನೋಫಿಲ್ (ಅಲರ್ಜಿಯಲ್ಲಿ ಹೆಚ್ಚುವ ಒಂದು ಬಗೆಯ ಬಿಳಿ ರಕ್ತಕಣ) ಪ್ರತಿ ಮೈಕ್ರೋಲೀಟರಿಗೆ 3000 ದಾಟಿರುತ್ತದೆ. ಮೂರು ವಾರ ಡಿಇಸಿ (ಆನೆಕಾಲು ಹುಳುವಿನ ಔಷಧಿ) ಮಾತ್ರೆ ಕೊಟ್ಟರೆ ಇಳಿಯುವ ಈ ಕಾಯಿಲೆಯನ್ನು ಉಬ್ಬಸವೆಂದು ಕಾಯುತ್ತಾ ಕೂರಬಾರದು.

---

ಪಿಎಫ್‌ಟಿ_ಲ್ಯಾಬ್

ಸ್ಪೈರೋಮೆಟ್ರಿಗೆ ಕಳಿಸುವಾಗ ತಯಾರಿಯನ್ನೂ ನೀವೇ ಹೇಳಿಕಳಿಸಿ, ಅರ್ಧ ಪರೀಕ್ಷೆ ಅಲ್ಲೇ ಕೆಡುತ್ತದೆ. ತಡೆದುಕೊಳ್ಳುವಂತಿದ್ದರೆ ನೀಲಿ ಇನ್‌ಹೇಲರ್ (ಸಾಲ್ಬುಟಮಾಲ್) 4 ಗಂಟೆ, ದಿನಕ್ಕೆ ಎರಡು ಸಲದ ಫಾರ್ಮೊಟೆರಾಲ್ ಅಥವಾ ಸಾಲ್ಮೆಟೆರಾಲ್ ಇರುವುದು 24 ಗಂಟೆ ಮೊದಲು ನಿಲ್ಲಿಸಬೇಕು. ದಮ್ಮು ಹೆಚ್ಚಾದರೆ ತೆಗೆದುಕೊಳ್ಳಲಿ, ಪರೀಕ್ಷೆ ಇನ್ನೊಂದು ದಿನ ಆಗುತ್ತದೆ. ಹೊಟ್ಟೆ ತುಂಬ ಊಟ ಬೇಡ, ಸೊಂಟಕ್ಕೆ ಬಿಗಿ ಬಟ್ಟೆ ಬೇಡ. ಇತ್ತೀಚೆಗೆ ಹೃದಯಾಘಾತ ಅಥವಾ ಕಣ್ಣಿನ ಆಪರೇಷನ್ ಆಗಿದ್ದರೆ ಮೊದಲೇ ಹೇಳಬೇಕು.

ಎದೆ ತುಂಬ ಉಸಿರೆಳೆದು, ತುಟಿ ಬಿಗಿಹಿಡಿದು, ಒಮ್ಮೆಲೇ ಜೋರಾಗಿ ಊದಿ, ಕನಿಷ್ಠ 6 ಸೆಕೆಂಡು ಬಿಡದೆ ಊದುತ್ತಿರಬೇಕು. ನಾಲಗೆ ಅಡ್ಡ ಬಂದರೆ, ಮೊದಲ ಸೆಕೆಂಡಿನಲ್ಲೇ ಕೆಮ್ಮಿದರೆ ಆ ಊದು ಲೆಕ್ಕಕ್ಕಿಲ್ಲ. ಸರಿಯಾದವು ಮೂರು ಸಿಕ್ಕ ಮೇಲೆ ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಟೊಳ್ಳು ಕೊಳವೆ) ಮೂಲಕ ಸಾಲ್ಬುಟಮಾಲ್ 4 ಪಫ್ (400 ಮೈಕ್ರೋಗ್ರಾಂ) ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತೇವೆ. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ 1.80 ಲೀಟರಿನಿಂದ 2.10ಕ್ಕೆ ಏರಿತು ಅನ್ನಿ. 300 ಮಿ.ಲೀ., ಸುಮಾರು 17% ಏರಿಕೆ. ದೊಡ್ಡವರಲ್ಲಿ 12% ಮತ್ತು 200 ಮಿ.ಲೀ. ಎರಡೂ ದಾಟಿದರೆ ಉಬ್ಬಸದ ಕಡೆಗೆ ಬಲವಾದ ಸಾಕ್ಷಿ.

ರಿಪೋರ್ಟ್ ನಾರ್ಮಲ್ ಬಂದಾಗಲೇ ಜನ ಮೋಸ ಹೋಗುವುದು. ಕೆಮ್ಮಿಲ್ಲದ ದಿನ ಊದಿದರೆ ನಾರ್ಮಲ್ ಬರುವುದು ಸಹಜ. ಅಂಥವರಿಗೆ ಪೀಕ್ ಫ್ಲೋ ಮೀಟರ್ (ಊದಿದ ಗಾಳಿಯ ವೇಗವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುವ ಸಣ್ಣ ಸಾಧನ) ಸಾಕಷ್ಟು ಹೇಳುತ್ತದೆ: ಬೆಳಿಗ್ಗೆ ಎದ್ದಾಗ, ಸಂಜೆ, ಎರಡು ವಾರ, ಪ್ರತಿ ಸಲ ಮೂರು ಊದಿ ಹೆಚ್ಚಿನದನ್ನು ಬರೆಯಬೇಕು. ಬೆಳಿಗ್ಗೆ 320, ಸಂಜೆ 400 ಅಂದರೆ ವ್ಯತ್ಯಾಸ 80. ಸರಾಸರಿ 360ಕ್ಕೆ ಅದು 22%. ಎರಡು ವಾರದ ದಿನವಹಿ ಸರಾಸರಿ ವ್ಯತ್ಯಾಸ ದೊಡ್ಡವರಲ್ಲಿ 10%, ಮಕ್ಕಳಲ್ಲಿ 13% ದಾಟಿದರೆ ಆ ಚೀಟಿ ಹಿಡಿದು ವೈದ್ಯರ ಬಳಿ ಹೋಗಲಿ. ಒಂದೇ ಮೀಟರ್ ಬಳಸಬೇಕು, ಬದಲಿಸಿದರೆ ಅಂಕಿ ಹೊಂದುವುದಿಲ್ಲ.

---

ಸಾಗರದ_ಫಾರ್ಮಸಿಸ್ಟ್

ಇಬ್ಬರಿಗೂ ಧನ್ಯವಾದ. ಮೇಡಂ, ನೀಲಿ ಇನ್‌ಹೇಲರ್ ಮಾತ್ರ ಒಯ್ಯುವವರ ವಿಷಯ? ಸ್ಟಾಕ್ ಇಲ್ಲದಾಗ ಒಂದು ಕಾಂಬಿನೇಷನ್ (ಎರಡು ಔಷಧಿ ಸೇರಿದ) ಇನ್‌ಹೇಲರ್ ಬದಲು ಇನ್ನೊಂದು ಕೊಡಿ ಅನ್ನುವವರೂ ಇದ್ದಾರೆ.

---

ಎದೆರೋಗ_ವೈದ್ಯೆ

ಅವರ ಲೆಕ್ಕ ಇಡುವುದಕ್ಕೆ ನಿಮಗಿಂತ ಒಳ್ಳೆಯ ಜಾಗದಲ್ಲಿ ಇನ್ನಾರೂ ಇಲ್ಲ. ಒಂದು ಡಬ್ಬಿಯಲ್ಲಿ 200 ಪಫ್. ವರ್ಷಕ್ಕೆ ಮೂರು ಅಥವಾ ಹೆಚ್ಚು ಡಬ್ಬಿ ಖಾಲಿಯಾದರೆ ಜೋರು ದಾಳಿಯ ಅಪಾಯ ಏರುತ್ತದೆ. ಹನ್ನೆರಡು, ಅಂದರೆ ತಿಂಗಳಿಗೊಂದು ಆದರೆ ಸಾವಿನ ಅಪಾಯವೇ ಏರುತ್ತದೆ. ನೀಲಿಯದು ಸ್ನಾಯುವನ್ನು ಸಡಿಲಿಸುತ್ತದೆ ಅಷ್ಟೇ, ಊತ ಹಾಗೇ ಉಳಿದು ಒಳಗೊಳಗೇ ಬೆಳೆಯುತ್ತದೆ. ಅದಕ್ಕೇ ಜಾಗತಿಕ ಉಬ್ಬಸ ಮಾರ್ಗಸೂಚಿ ಜೀನಾ 2019ರಿಂದ, ಹದಿಹರೆಯದವರಿಗೂ ದೊಡ್ಡವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡುವ ಚಿಕಿತ್ಸೆ ಬೇಡ ಎನ್ನುತ್ತಿದೆ. ಲಕ್ಷಣ ಅಪರೂಪವಾಗಿದ್ದರೂ ಬುಡೆಸೊನೈಡ್-ಫಾರ್ಮೊಟೆರಾಲ್ (ಊತ ಇಳಿಸುವ ಸ್ಟೀರಾಯ್ಡ್ ಮತ್ತು ಸ್ನಾಯು ಸಡಿಲಿಸುವ ಔಷಧಿ, 200/6 ಮೈಕ್ರೋಗ್ರಾಂ) ಬೇಕೆನಿಸಿದಾಗ ಒಂದು ಪಫ್. ಹೆಚ್ಚಿದ್ದರೆ ಅದನ್ನೇ ದಿನವೂ, ನಡುವೆ ಬೇಕಾದಾಗಲೂ. ಎಲ್ಲ ಸೇರಿ ದೊಡ್ಡವರಿಗೆ ದಿನಕ್ಕೆ 12 ಪಫ್ ಮಿತಿ. ಅಷ್ಟು ಬೇಕಾಗುತ್ತಿದೆ ಅಂದರೆ ಅಂದೇ ವೈದ್ಯರನ್ನು ಕಾಣಬೇಕು.

ಬದಲಿ ಕೊಡುವ ಮಾತಿಗೆ: ಫಾರ್ಮೊಟೆರಾಲ್ ನಿಮಿಷಗಳಲ್ಲಿ ಕೆಲಸ ಶುರುಮಾಡುತ್ತದೆ, ಸಾಲ್ಮೆಟೆರಾಲ್ ನಿಧಾನ. ಆದ್ದರಿಂದ ಸಾಲ್ಮೆಟೆರಾಲ್-ಫ್ಲುಟಿಕಾಸೋನ್ ಅನ್ನು ದಮ್ಮು ಬಂದಾಗ ಎಳೆಯುವಂತಿಲ್ಲ. "ಎರಡೂ ಕಾಂಬಿನೇಷನ್ನೇ" ಎಂದು ದಯವಿಟ್ಟು ಬದಲಿಸಬೇಡಿ.

ಸ್ಟೀರಾಯ್ಡ್ ಭಯಕ್ಕೆ ಅಂಕಿಯಲ್ಲೇ ಉತ್ತರ ಕೊಡಿ. ಒಂದು ಪಫ್‌ನಲ್ಲಿ ಬುಡೆಸೊನೈಡ್ 200 ಮೈಕ್ರೋಗ್ರಾಂ. ಇನ್‌ಹೇಲರ್ ಬಿಟ್ಟು ದಾಳಿಯಾದರೆ ನುಂಗುವ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿ.ಗ್ರಾಂ., ಅಂದರೆ 40,000 ಮೈಕ್ರೋಗ್ರಾಂ, ಅದೂ ಐದರಿಂದ ಏಳು ದಿನ. ಔಷಧಿ ಬೇರೆ ಬೇರೆಯಾದ್ದರಿಂದ ತಾಳೆ ಪೂರ್ತಿ ಸರಿಯಲ್ಲ, ಆದರೂ ಅಂತರ ಗೊತ್ತಾಗುತ್ತದೆ. ಗರ್ಭಿಣಿಯರೂ ಇನ್‌ಹೇಲರ್ ಬಿಡಬಾರದು, ತಾಯಿಗೆ ಉಸಿರು ಕಟ್ಟಿದರೆ ಮಗುವಿಗೂ ಆಮ್ಲಜನಕ ಕಡಿಮೆ. ಬಾಯಿಹುಣ್ಣು, ದನಿ ಒಡೆಯುವುದು ನಿಜವಾದ ತೊಂದರೆಗಳೇ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಹುಮಟ್ಟಿಗೆ ತಪ್ಪುತ್ತವೆ. ಮೃಗಶಿರಾ ಮಳೆ ಹೊತ್ತಿಗೆ ಹೈದರಾಬಾದಿಗೆ ಮೀನು ಮದ್ದಿಗೆ ಹೋಗಿಬಂದವರು ಇನ್‌ಹೇಲರ್ ನಿಲ್ಲಿಸಿದ್ದಾರೆಯೇ ಎಂದು ಮಾತ್ರ ಕೇಳಿ. ಅದು ಉಬ್ಬಸ ವಾಸಿ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ, ನಿಲ್ಲಿಸಿದ್ದರ ಪರಿಣಾಮ ಮಾತ್ರ ಖಚಿತ. ಹೆಸರಿಲ್ಲದ ಪೊಟ್ಟಣದ ಪುಡಿ ಮ್ಯಾಜಿಕ್ಕಿನಂತೆ ಕೆಲಸ ಮಾಡಿತು ಅಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು ಎಂಬ ಅನುಮಾನ ಇರಲಿ.

ಇನ್ನೊಂದು, ಬಿಲ್ ಮಾಡುವಾಗ ಕಣ್ಣಿಡಿ: ತಲೆನೋವಿಗೋ ಕೈ ನಡುಕಕ್ಕೋ ಬರೆದ ಪ್ರೊಪ್ರನೊಲಾಲ್, ಗ್ಲುಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಕೂಡ ಉಬ್ಬಸ ಕೆರಳಿಸುತ್ತವೆ. ಮೂಗಿನಲ್ಲಿ ದುರ್ಮಾಂಸ ಇರುವವರಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡುವ ಮುನ್ನ ಹಿಂದೆ ತೊಂದರೆಯಾಗಿತ್ತೇ ಎಂದು ಕೇಳಿ.

---

ಮಕ್ಕಳ_ವಾರ್ಡ್_ನರ್ಸ್

ಔಷಧಿ ಸರಿಯಿದ್ದೂ ಫಲ ಸಿಗದಿದ್ದರೆ ಎಳೆಯುವ ರೀತಿ ನೋಡಿ. ಒತ್ತುವ ಇನ್‌ಹೇಲರ್‌ಗೆ ನಿಧಾನ, ಉದ್ದ ಉಸಿರು. ಪುಡಿಯ ರೋಟಾಹೇಲರ್‌ಗೆ ಜೋರು, ವೇಗದ ಉಸಿರು. ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ರೋಟಾಕ್ಯಾಪ್ಸೂಲ್ ನುಂಗುವವರೂ ಇದ್ದಾರೆ, "ಇದು ನುಂಗುವ ಮಾತ್ರೆಯಲ್ಲ" ಎಂದು ಬಾಯಿಬಿಟ್ಟೇ ಹೇಳಬೇಕು. ಮಳೆಗಾಲದಲ್ಲಿ ಕ್ಯಾಪ್ಸೂಲ್ ತೇವ ಹಿಡಿದು ಪುಡಿ ಗಂಟಾಗುತ್ತದೆ. ಬಾಟಲಿಯಿಂದ ಆ ಕ್ಷಣಕ್ಕೆ ಒಂದನ್ನು ಮಾತ್ರ, ಒಣಗಿದ ಕೈಯಲ್ಲಿ ತೆಗೆಯಬೇಕು. ಸಾಧನದೊಳಕ್ಕೆ ಉಸಿರು ಬಿಡಬಾರದು.

ಸ್ಪೇಸರ್ ಜೊತೆ: ಅಲುಗಾಡಿಸಿ, ಒಂದು ಪಫ್ ಒತ್ತಿ, 5–6 ಸಹಜ ಉಸಿರು. ಎರಡನೆಯದಕ್ಕೆ ಅರ್ಧ ನಿಮಿಷ ಬಿಟ್ಟು ಮತ್ತೆ ಅಲುಗಾಡಿಸಬೇಕು. ಎರಡು ಪಫ್ ಒಟ್ಟಿಗೆ ಒತ್ತಿದರೆ ಔಷಧಿ ಗೋಡೆಗೆ ಅಂಟುತ್ತದೆ. ತೊಳೆದ ಸ್ಪೇಸರ್ ಒರೆಸಬಾರದು, ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ ಮತ್ತದೇ ಪಾಡು. ಸೋಪು ನೀರಲ್ಲಿ ಅದ್ದಿ ನೆರಳಲ್ಲಿ ಆರಲು ಬಿಡಿ. ಚಿಕ್ಕ ಮಕ್ಕಳಿಗೆ ಮಾಸ್ಕ್ ಮುಖಕ್ಕೆ ಪೂರ್ತಿ ಕೂತಿರಬೇಕು. ಅಳುವ ಮಗುವಿಗೆ ಔಷಧಿ ಒಳಗೆ ಹೋಗುವುದು ತೀರ ಕಡಿಮೆ, ಮೊದಲು ಸಮಾಧಾನ ಮಾಡಿ. ಸಾಲ್ಬುಟಮಾಲ್ ಸಿರಪ್ ತಡವಾಗಿ ಕೆಲಸ ಮಾಡಿ ಕೈನಡುಕ, ಎದೆಬಡಿತ ಹೆಚ್ಚಿಸುತ್ತದೆ, ಇನ್‌ಹೇಲರ್‌ಗೆ ಅದು ಬದಲಿಯಲ್ಲ. ಆಡುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಕೆಮ್ಮು, ದಮ್ಮು ಬಂದರೆ ಶೇಂಗಾ ಬೀಜವೋ ಕಡಲೆಯೋ ಉಸಿರುನಾಳಕ್ಕೆ ಹೋಗಿದೆಯೇ ಎಂದು ಮೊದಲು ಕೇಳಿ, ತಡಮಾಡದೆ ಆಸ್ಪತ್ರೆಗೆ ಕಳಿಸಿ.

ಕೌಂಟರಿನಲ್ಲೇ ಯಾರಾದರೂ ಒಂದು ವಾಕ್ಯ ಮುಗಿಸಲಾಗದೆ ತಡವರಿಸಿದರೆ, ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ. ಸುಂಯ್ ಸದ್ದು ನಿಂತೂ ಒದ್ದಾಟ ಹೆಚ್ಚಿದರೆ ಅದು ಸುಧಾರಣೆಯಲ್ಲ, ಗಾಳಿಯೇ ಆಡುತ್ತಿಲ್ಲ. ಮಲಗಿಸಬೇಡಿ, ಮುಂದೆ ಬಾಗಿಸಿ ಕೂರಿಸಿ. ಸ್ಪೇಸರ್ ಮೂಲಕ ಸಾಲ್ಬುಟಮಾಲ್ ಒಂದೊಂದಾಗಿ, ದೊಡ್ಡವರಿಗೆ 4ರಿಂದ 10 ಪಫ್, ಐದು ವರ್ಷದೊಳಗಿನವರಿಗೆ 2ರಿಂದ 6. ಆಂಬ್ಯುಲೆನ್ಸ್ ತಡವಾದರೆ 20 ನಿಮಿಷಕ್ಕೊಮ್ಮೆ ಅಷ್ಟೇ ಮತ್ತೆ. ಎಷ್ಟು ಗಂಟೆಗೆ ಎಷ್ಟು ಪಫ್ ಕೊಟ್ಟಿರಿ ಎಂದು ಚೀಟಿಯಲ್ಲಿ ಬರೆದು ಜೊತೆಯವರ ಕೈಗೆ ಕೊಡಿ, ಕ್ಯಾಷುವಲ್ಟಿಯಲ್ಲಿ ಮೊದಲು ಕೇಳುವುದು ಅದನ್ನೇ.