ಸಹಾಯ ಬೇಕು: ಹಂಟ್ಸ್‌ವಿಲ್‌ನಿಂದ ಚಾಟನೂಗಾ, ಬೆಳಗ್ಗೆ ಹೋಗಿ ರಾತ್ರಿ ವಾಪಸ್
ಎಲ್ಲರಿಗೂ ನಮಸ್ಕಾರ. ಅಲಬಾಮಾ, ಟೆನೆಸಿ ಕಡೆ ಇರೋರು ಯಾರಾದ್ರೂ ಸ್ವಲ್ಪ ಹೇಳಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಈ ಶನಿವಾರ ಕಾರಲ್ಲಿ ಚಾಟನೂಗಾಗೆ ಕರ್ಕೊಂಡು ಹೋಗೋಣ ಅಂತ. ದೂರ ಏನಿಲ್ಲ, ಸುಮಾರು 100 ಮೈಲಿ. ಯುಎಸ್ 72 ಹೈವೇ ಹಿಡಿದು ಸ್ಕಾಟ್ಸ್‌ಬರೋ ದಾಟಿ ಕಿಂಬಲ್ ಹತ್ರ ಐ-24 ಸೇರೋದು, ನಿಲ್ಲಿಸದೆ ಹೋದ್ರೆ ಎರಡು ಗಂಟೆಯೊಳಗೆ ಮುಟ್ಟಬಹುದು, ಆದ್ರೆ ನಮ್ಮಮ್ಮ ಇದ್ದಾಗ ನಿಲ್ಲಿಸದೆ ಹೋಗೋದು ಎಲ್ಲಿಂದ ಬಂತು!

ತಲೆ ಕೆಡ್ತಿರೋದು ಟೈಮ್ ಲೆಕ್ಕ. ಅಲ್ಲಿ ನಮಗಿಂತ ಒಂದು ಗಂಟೆ ಮುಂದೆ, ಅಂದ್ರೆ ಇಲ್ಲಿ ಎಂಟಕ್ಕೆ ಹೊರಟ್ರೂ ಅಲ್ಲಿ ಹತ್ತಿರ ಹತ್ತಿರ ಹನ್ನೊಂದು. ರೂಬಿ ಫಾಲ್ಸ್‌ಗೆ (ಅಲ್ಲಿನ ಗುಹೆಯೊಳಗಿನ ಜಲಪಾತ) ಟಿಕೆಟ್ ಟೈಮ್ ಪ್ರಕಾರ ಬುಕ್ ಮಾಡ್ಬೇಕು, ಹನ್ನೆರಡರದ್ದು ತಗೊಂಡ್ರೆ ಸಾಕಾ ಇಲ್ಲ ಒಂದು ಗಂಟೆದು ಸೇಫಾ? ಅಮ್ಮಂಗೆ ಮಂಡಿ ನೋವು ಬೇರೆ, ಗುಹೆಯೊಳಗೆ ನಡೆಯೋಕೆ ಆಗುತ್ತಾ, ಅಥವಾ ಅದನ್ನ ಬಿಟ್ಟು ಅಕ್ವೇರಿಯಂಗೇ ಹೋಗೋದು ವಾಸಿನಾ? ಹೋಗಿರೋರು ನೇರವಾಗಿ ಹೇಳಿ.

ಇನ್ನೊಂದು, ದಾರೀಲಿ ಸೌತ್ ಪಿಟ್ಸ್‌ಬರ್ಗ್‌ನಲ್ಲಿ ಕಬ್ಬಿಣದ ಪಾತ್ರೆ ಮಾಡೋ ಲಾಡ್ಜ್ ಕಂಪನಿ ಅಂಗಡಿ ಇದೆ, ಅಮ್ಮಂಗೆ ದೋಸೆ ಕಾವಲಿ ಬೇಕಂತೆ (ವಾಪಸ್ ಹೋಗುವಾಗ ಆ ಕಬ್ಬಿಣದ ಭಾರ ಯಾವ ಸೂಟ್‌ಕೇಸ್‌ಗೆ ಅಂತ ಅಪ್ಪ ಈಗ್ಲೇ ಶುರು ಮಾಡಿದ್ದಾರೆ). ಅಂಚಿಲ್ಲದ ಚಪ್ಪಟೆ ಕಾವಲಿ ಅಲ್ಲಿ ಸಿಗುತ್ತಾ? ಹೋಗುವಾಗ ನಿಲ್ಲಿಸೋದಾ, ಬರುವಾಗ್ಲಾ?

ಸಂಜೆ ಐ-24ರಲ್ಲಿ ಮೊಕಾಸಿನ್ ಬೆಂಡ್ (ಚಾಟನೂಗಾದ ನದಿ ತಿರುವು) ಹತ್ರ ಜಾಮ್ ಆಗುತ್ತಲ್ಲ, ಶನಿವಾರನೂ ಅಷ್ಟೇನಾ? ಮಧ್ಯಾಹ್ನಕ್ಕೆ ಪುಳಿಯೋಗರೆ, ಮೊಸರನ್ನ ಕಟ್ಕೊಂಡೇ ಹೋಗ್ತೀವಿ, ಕೂತು ತಿನ್ನೋಕೆ ನೆರಳಿರೋ ಜಾಗ ಗೊತ್ತಿದ್ರೆ ಅದನ್ನೂ ಹೇಳಿ.